ಎತ್ತುಗಳಿಗೆ ಗೊತ್ತಿದ್ದ ಸೋಮವಾರ

ನಾನು ಒಬ್ಬನೇ ನಲವತ್ತು ದಿನ ಕಾಲ್ನಡಿಗೆಯಲ್ಲಿ ತಿರುಗಿ ಬಂದವನು ಎಂದು ನಮ್ಮ ಶಾಲೆಯ ಮಕ್ಕಳಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಅವರು ಕೇಳಿದಾಗಲೆಲ್ಲ ಬಾದಾಮಿಯ ಗುಡ್ಡ ಹತ್ತಿದ್ದನ್ನು ಹೇಳುತ್ತೇನೆ, ವಿಜಾಪುರದ ಗುಮ್ಮಟದೊಳಗೆ ಕೂಗಿದ್ದನ್ನು ಹೇಳುತ್ತೇನೆ. ಪ್ರವಾಸ ಹೇಗೆ ಮುಗಿಯಿತು ಎಂದು ಕೇಳಿದರೆ ಗಂಟೆ ಬಾರಿಸುವ ಹೊತ್ತಾಯಿತು ಎನ್ನುತ್ತೇನೆ. ಅದನ್ನು ಇಲ್ಲಿ ಬರೆದಿಡುವುದು ವಾಸಿ. ಬರೆಯದಿದ್ದರೆ ಇನ್ನೆರಡು ವರ್ಷಕ್ಕೆ ನಾನೇ ಅದನ್ನು ಚೆಂದ ಮಾಡಿ ನಂಬಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೊಂದು ವರ್ಷ. ನಮ್ಮ ಕಡೆಯ ಜಿಲ್ಲೆಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ಹುಕ್ಕೇರಿಯಲ್ಲಿ ಅಣ್ಣನ ಮನೆಯಲ್ಲಿ ಕೂತಿದ್ದೆ. ಒಂದು ದಿನ ನೇಮಕದ ಆರ್ಡರು ಬಂತು: ಹುಕ್ಕೇರಿಯ ಶಾಲೆಗೇ. ಆದರೆ ಹಾಜರಾಗಬೇಕಾದದ್ದು ಆರು ವಾರ ಬಿಟ್ಟು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಬರದಿದ್ದರೆ ಯಾದಿಯಲ್ಲಿ ಮುಂದಿನ ಹೆಸರಿನವರಿಗೆ ಜಾಗ ಹೋಗುತ್ತದೆ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದರು. ಆ ಗೆರೆಯ ಕೆಳಗೆ ನಾನೂ ಒಂದು ಗೆರೆ ಎಳೆದೆ.

ಆರು ವಾರ ಏನು ಮಾಡುವುದು? ಮಾಸ್ತರನಾಗುವವನು ನಾಡು ನೋಡಿರಬೇಕು, ಅದೂ ನಡೆದು ನೋಡಿರಬೇಕು ಎಂದು ತೀರ್ಮಾನಿಸಿದೆ. ಬೆಳಗಾವಿಯಲ್ಲಿ ಮಿಲಿಟರಿಯವರ ಹಳೆಯ ಸಾಮಾನು ಮಾರುವಲ್ಲಿ ಒಂದು ಖಾಕಿ ಬೆನ್ನುಚೀಲ ಕೊಂಡಿದ್ದೆ. ಒಂದು ಕಂಬಳಿ, ಎರಡು ಜೊತೆ ಬಟ್ಟೆ, ತಂಬಿಗೆ, ಆರ್ಡರಿನ ಕಾಗದ ಮತ್ತು ದಿನಚರಿಯ ದಪ್ಪ ವಹಿ. ಮನೆಯವರೆಲ್ಲ ಕೂಡಿದಾಗ ಪ್ರತಿಜ್ಞೆ ಹೇಳಿದೆ: ನಲವತ್ತು ದಿನ, ಒಬ್ಬನೇ, ಚಕ್ರವಿರುವ ಯಾವುದನ್ನೂ ಏರುವುದಿಲ್ಲ. ಚಕ್ಕಡಿ, ಸೈಕಲ್ಲು, ಮೋಟಾರು, ರೈಲು ಯಾವುದೂ ಇಲ್ಲ.

ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಹೋಗೂ ಮುಂದ ನಡಕೋತ ಹೋಗತಿ, ಖರೆ. ಬರೂ ಮುಂದ ಮೋಟಾರದಾಗ ಬರತಿ ನೋಡು."

"ಬರಂಗಿಲ್ಲ ವೈನಿ. ಬರಕೊಡ್ಲೇನು?"

"ನನಗ್ಯಾಕ ಬರಕೊಡತಿ? ನಿನ್ನ ವಹಿಯಾಗ ಬರಕೋ. ನಿನಗ ಅದಽ ಅಲ್ಲನ ದೇವರು."

ಬರೆದುಕೊಂಡೆ. ವಹಿಯಲ್ಲಿ ಅಂಕಣಗಳಿದ್ದವು: ಎಷ್ಟನೇ ದಿನ, ವಾರ, ನಡೆದ ಮೈಲಿ, ತಿಂದ ರೊಟ್ಟಿ, ಬೆನ್ನಟ್ಟಿದ ನಾಯಿ, ಚಕ್ರ, ಮತ್ತು ಕೊನೆಯಲ್ಲಿ ಷರಾ. ಚಕ್ರದ ಅಂಕಣದಲ್ಲಿ ದಿನಾ ಸೊನ್ನೆ ಬರೆಯುವುದೇ ಒಂದು ಸುಖವಾಗಿತ್ತು. ಮೂವತ್ತನೆಯ ದಿನದ ಹೊತ್ತಿಗೆ ನನ್ನ ಸೊನ್ನೆಗಳು ಬಹಳ ದುಂಡಗೆ ಬರತೊಡಗಿದ್ದವು.

ಲೆಕ್ಕ ಹೀಗಿತ್ತು. ಮೂವತ್ತೊಂಬತ್ತನೆಯ ದಿನ, ಸೋಮವಾರ, ಮೂಡಲಗಿಯಿಂದ ಗೋಕಾಕಕ್ಕೆ ಹದಿನೈದು ಮೈಲಿ. ನಲವತ್ತನೆಯ ದಿನ, ಮಂಗಳವಾರ, ಗೋಕಾಕದಿಂದ ಹುಕ್ಕೇರಿಗೆ ಇಪ್ಪತ್ತೈದು ಮೈಲಿ. ನಸುಕಿನಲ್ಲಿ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ. ಬುಧವಾರ ಹನ್ನೊಂದಕ್ಕೆ ಶಾಲೆ. ಇದರಲ್ಲಿ ತಪ್ಪು ಬರುವುದಕ್ಕೆ ಜಾಗವೇ ಇಲ್ಲ ಎಂದು ಷರಾದಲ್ಲಿ ಬರೆದದ್ದು ಇಂದಿಗೂ ಓದಲು ಸಿಗುತ್ತದೆ. ಕೈಬರಹ ಚೆನ್ನಾಗಿದೆ.

ಮೂವತ್ತೈದನೆಯ ದಿನ, ಗುರುವಾರ, ಮೂಡಲಗಿ ಇನ್ನೂ ಮೂರು ದಿನದ ದಾರಿ ಇತ್ತು. ಬೆಳಿಗ್ಗೆ ಒಂದು ಗಾಣದ ಹತ್ತಿರ ಕಬ್ಬಿನ ಹಾಲು ಕುಡಿದೆ. ಅಲ್ಲಿ ಬಂದವರನ್ನು ಹಾಗೇ ಕಳಿಸುವ ಪದ್ಧತಿ ಇಲ್ಲ. ನಾನೂ ಬೇಡ ಎನ್ನುವ ಪೈಕಿ ಅಲ್ಲ. ನಾಲ್ಕು ಲೋಟ ಹಾಲು, ಮೇಲೆ ಅಂಗೈ ತುಂಬ ಬಿಸಿ ಬೆಲ್ಲ. ಆಮೇಲೆ ಬೆವರಿದ ಮೈಯಲ್ಲೇ ಕಾಲುವೆಗೆ ಇಳಿದು ಮುಳುಗು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಅನ್ನತೊಡಗಿತು. ಕಬ್ಬು ಕಡಿದ ಒಂದು ಹೊಲದಲ್ಲಿ ಕುರಿಯವರು ಬೀಡುಬಿಟ್ಟಿದ್ದರು. ಹೊಲಕ್ಕೆ ಗೊಬ್ಬರವಾಗಲಿ ಎಂದು ರೈತರು ಕುರಿಹಿಂಡು ಕರೆಸಿ ರಾತ್ರಿ ತಮ್ಮ ಹೊಲದಲ್ಲೇ ತಂಗಿಸಿಕೊಳ್ಳುತ್ತಾರೆ. ಬೇವಿನ ಗಿಡದ ಕೆಳಗೆ ಅವರ ಗಂಟುಮೂಟೆ ಇತ್ತು, ಒಬ್ಬ ಮುದುಕಿ ಮರಿಗಳನ್ನು ಕಾಯುತ್ತ ಕೂತಿದ್ದಳು. ನನ್ನ ಮುಖ ನೋಡಿ ಏನೂ ಕೇಳದೆ ಕಂಬಳಿ ಹಾಸಿದಳು. ಬಿದ್ದುಕೊಂಡೆ.

ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ಮೈ ಬೆವರಿ ತಣ್ಣಗಾಗಿತ್ತು. ಒಳ್ಳೆ ನಾಲ್ಕೈದು ತಾಸಿನ ನಿದ್ದೆ ಎಂದುಕೊಂಡು ಮೊದಲು ಮಾಡಿದ ಕೆಲಸ ವಹಿ ತೆಗೆದದ್ದು. ಗುರುವಾರ, ಆರು ಮೈಲಿ, ಮಧ್ಯಾಹ್ನದಿಂದ ಸಂಜೆಯವರೆಗೆ ವಿಶ್ರಾಂತಿ ಎಂದು ಬರೆದೆ.

ಮುದುಕಿ ಗಂಜಿ ತಂದಳು. "ಎದ್ದೀ ಏನೋ ತಮ್ಮಾ? ನಿನ್ನಿ ಮಲಗಿದಾಂವ ಈಗ ಕಣ್ಣ ತಗದಿ ನೋಡು."

"ನಿನ್ನಿ ಅಲ್ಲ ಆಯಿ, ಇವತ್ತ ಮಧ್ಯಾಹ್ನ."

"ಇವತ್ತ?"

"ಹೂಂ. ಇಲ್ಲಿ ಬರದೇನಿ ನೋಡು."

ಅವಳು ವಹಿ ನೋಡಿದಳು, ನನ್ನನ್ನು ನೋಡಿದಳು. "ಬರದೀ ಅಂದ್ರ ಆತು ಬಿಡು" ಎಂದವಳು ಆಚೆ ಇದ್ದ ಮಗನಿಗೆ ಕೂಗಿ ಹೇಳಿದಳು: "ಇಂವಗ ಜ್ವರಾ ಇನ್ನಾ ಪೂರಾ ಇಳದಿಲ್ಲೋ, ಇನ್ನೊಂದಿಷ್ಟು ಗಂಜಿ ಇರಲಿ."

ಮುದುಕಿಗೆ ವಯಸ್ಸಾಗಿದೆ, ದಿನದ ನೆನಪು ಇರುವುದಿಲ್ಲ ಎಂದು ನನಗೆ ಕನಿಕರವಾಯಿತು. ಗಂಜಿಯ ಮೇಲೆ ಐದು ರೊಟ್ಟಿ ತಿಂದೆ. ಅರ್ಧ ದಿನದ ಉಪವಾಸಕ್ಕೆ ಐದು ಹೆಚ್ಚಾಯಿತು ಎಂದು ಷರಾ ಬರೆದೆ. ಆಮೇಲೆ ಕೈ ಸುಮ್ಮನಿರದೆ ಕುರಿ ಎಣಿಸತೊಡಗಿದೆ.

"ಎಣಿಸಬ್ಯಾಡೋ ಯಪ್ಪಾ, ದೃಷ್ಟಿ ಆಗತೈತಿ" ಎಂದಳು ಮುದುಕಿ.

"ಎಣಿಸಲಿಲ್ಲ ಅಂದ್ರ ಒಂದು ಕಮ್ಮಿ ಆದದ್ದು ಹೆಂಗ ಗೊತ್ತಾಗಬೇಕು ಆಯಿ?"

"ನಿಮ್ಮವ್ವ ಮಕ್ಕಳ್ನ ಎಣಿಸಿ ಊಟಕ್ಕ ಹಾಕತಿದ್ಲೇನ? ಮಾರಿ ನೋಡಿದ್ರ ಗೊತ್ತಾಗತೈತಿ, ಯಾವ್ದು ಇಲ್ಲಂತ."

ನಾನು ಬಾಯಿ ಮುಚ್ಚಿ ಕಣ್ಣಲ್ಲೇ ಎಣಿಸಿ ನೂರಾ ನಲವತ್ಮೂರು ಎಂದು ಬರೆದುಕೊಂಡೆ. ಕುರಿಗಳ ಲೆಕ್ಕ ಸರಿಯಾಗಿಯೇ ಇದ್ದೀತು. ನಾನು ಲೆಕ್ಕ ತಪ್ಪಿದ್ದು ದಿನಗಳಲ್ಲಿ. ನಾನು ಮಲಗಿದ್ದು ಗುರುವಾರ ಮಧ್ಯಾಹ್ನ, ಎದ್ದದ್ದು ಶುಕ್ರವಾರ ಸಂಜೆ. ಹೊಲದವನು ಎರಡು ರಾತ್ರಿ ಕುರಿ ತಂಗಿಸಿಕೊಂಡಿದ್ದರಿಂದ ಎದ್ದಾಗಲೂ ಅದೇ ಹೊಲ, ಅದೇ ಬೇವಿನ ಗಿಡ. ಇದೆಲ್ಲ ತಿಳಿದದ್ದು ಆಮೇಲೆ.

ಮುಂದಿನ ದಿನಗಳನ್ನು ವಹಿಯಲ್ಲಿ ಓದಿದರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ. ಮೂವತ್ತೆಂಟನೆಯ ದಿನದ ಷರಾ ಹೀಗಿದೆ: "ರವಿವಾರ. ದಾರಿಯುದ್ದಕ್ಕೂ ಹೊಲಗಳಲ್ಲಿ ಒಂದು ಎತ್ತೂ ಹೂಡಿಲ್ಲ. ಇಲ್ಲಿಯ ರೈತರು ಕಚೇರಿಯವರಂತೆ ರವಿವಾರ ರಜೆ ತೆಗೆದುಕೊಳ್ಳುವುದನ್ನು ಕಲಿತಿದ್ದಾರೆ. ಒಳ್ಳೆಯ ಲಕ್ಷಣವಲ್ಲ. ಆದರೆ ಒಂದು ಹಳ್ಳಿಯಲ್ಲಿ ಮಾಸ್ತರರು ರವಿವಾರವೂ ಶಾಲೆ ನಡೆಸುತ್ತಿದ್ದರು, ಮಕ್ಕಳು ಮಗ್ಗಿ ಹೇಳುತ್ತಿದ್ದವು. ನಾನೂ ಇಂಥ ಮಾಸ್ತರನಾಗಬೇಕು."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಅವಸರವಿರಲಿ, ಮೋಡ ಕವಿದು ನಿಂತಿರಲಿ, ಸೋಮವಾರ ಎತ್ತಿಗೆ ಬಿಡುವು. ನನಗೆ ಇದು ಗೊತ್ತಿಲ್ಲದ ಸಂಗತಿಯೇ? ಹುಟ್ಟಿದಾಗಿನಿಂದ ನೋಡಿದ್ದು. ಆದರೂ ಹೊಲದಲ್ಲಿ ಕಂಡದ್ದನ್ನು ನಂಬದೆ ವಹಿಯಲ್ಲಿ ಬರೆದದ್ದನ್ನು ನಂಬಿದೆ.

ಮಾರನೆಯ ದಿನ ಮೂಡಲಗಿ ಬಿಟ್ಟು ನಾಲ್ಕು ಮೈಲಿ ಬಂದಿದ್ದೆ. ರಸ್ತೆಯ ಬಾಜೂ ಹೊಲದಲ್ಲಿ ಒಬ್ಬ ನಡುವಯಸ್ಸಿನ ರೈತ ಎರಡು ಬಿಳಿ ಎತ್ತು ಹೂಡಿ ರಂಟೆ ಹೊಡೆಯುತ್ತಿದ್ದ. ಆಚೆ ಹೊಲದಲ್ಲಿ ಇನ್ನೊಂದು ಜೋಡಿ. ಅದರಾಚೆ ಮತ್ತೊಂದು. ನನ್ನ ವಹಿಯ ಪ್ರಕಾರ ಅಂದು ಸೋಮವಾರ. ನನಗೆ ಸಿಟ್ಟು ಬಂತು. ಎರಡು ದಿನಕ್ಕೆ ಮಾಸ್ತರನಾಗುವವನು ಕಂಡೂ ಕಾಣದಂತೆ ಹೋಗುವುದೇ? ಬದುವಿನ ಮೇಲೆ ಹತ್ತಿ ನಿಂತೆ.

"ಕಾಕಾ, ಇದು ನಿಮಗ ಚಂದ ಕಾಣತೈತೇನ್ರಿ?"

ಅವನು ಎತ್ತು ನಿಲ್ಲಿಸಿ ತನ್ನ ಸಾಲು ತಿರುಗಿ ನೋಡಿದ. "ಯಾಕ್ರಿ ಸಾಹೇಬ್ರ, ಸಾಲು ಡೊಂಕ ಆಗೈತೇನು?"

"ಸಾಲಿನ ಮಾತಲ್ರಿ. ನಿನ್ನಿ ರವಿವಾರ ಆರಾಮ ಕುಂತ್ರಿ. ಇವತ್ತ ಬಸವಣ್ಣನ ವಾರ ಎತ್ತು ಹೂಡೀರಿ. ಹಿರ್ಯಾರು ನಡಸಿಕೊಂಡ ಬಂದಿದ್ದು..."

"ತಡೀರಿ, ತಡೀರಿ. ಇವತ್ತ ಯಾವ ವಾರ ಅಂದ್ರಿ?"

"ಸೋಮವಾರ."

"ನಿನ್ನಿ ಆತಲ್ರಿ ಅದು!"

"ಇಲ್ರಿ ಕಾಕಾ. ಮೂವತ್ತೊಂಬತ್ತು ದಿನದಿಂದ ಒಂದಽ ಒಂದು ದಿನ ಬಿಡದಂಗ ಬರದೇನಿ." ಚೀಲ ಇಳಿಸಿ, ವಹಿ ತೆಗೆದು, ಪುಟ ತೆರೆದು ಅವನ ಮುಂದೆ ಹಿಡಿದೆ.

ಅವನು ವಹಿ ಮುಟ್ಟಲಿಲ್ಲ. ಕೈ ಮಣ್ಣಾಗಿತ್ತು. ಎತ್ತಿನ ಬೆನ್ನ ಮೇಲೆ ತಟ್ಟಿ ಹೇಳಿದ: "ಇವಕ್ಕ ಓದಾಕ ಬರಂಗಿಲ್ರಿ ಸಾಹೇಬ್ರ. ಆದ್ರ ಸೋಮವಾರ ಗೊತ್ತೈತಿ. ನಿನ್ನಿ ಕೊಟಗ್ಯಾಗಿಂದ ಹೊರಗ ಕಾಲಽ ಇಡಲಿಲ್ಲ. ಇವತ್ತ ತಾವಽ ಬಂದು ನೊಗದ ಕೆಳಗ ನಿಂತ್ವು. ಈಗ ಹೇಳ್ರಿ, ಯಾರ ಮಾತು ಕೇಳಲಿ?"

ಪಕ್ಕದ ಹೊಲದವನು ನಮ್ಮ ಮಾತು ಕೇಳಿ ಕೂಗಿದ: "ಏನಂತೋ ಅದು?"

"ಇವ್ರ ಪುಸ್ತಕದಾಗ ಇನ್ನಾ ಸೋಮವಾರ ನಡದೈತಂತ!"

"ನಮ್ಮ ಅಳಿಯಾಗ ಹೇಳಬೇಕಪ್ಪಾ. ಅಂವ ವಾರಕ್ಕ ಒಂದಽ ಸೋಮವಾರ ಸಾಲಂಗಿಲ್ಲ ಅಂತಾನ!"

ಇಬ್ಬರೂ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. "ನಿನ್ನಿ ಮಲಗಿದಾಂವ" ಎಂದ ಮುದುಕಿಯ ಮಾತು ನೆನಪಾಯಿತು, ಐದು ರೊಟ್ಟಿ ನೆನಪಾಯಿತು, ರವಿವಾರ ಮಗ್ಗಿ ಹೇಳುತ್ತಿದ್ದ ಮಕ್ಕಳು ನೆನಪಾದವು. ಇವತ್ತು ಮಂಗಳವಾರವಾದರೆ ನಾಳೆ ಬುಧವಾರ. ನಾಳೆ ಹನ್ನೊಂದು ಗಂಟೆ. ನಾನಿದ್ದದ್ದು ಹುಕ್ಕೇರಿಯಿಂದ ಮೂವತ್ತಾರು ಮೈಲಿ ದೂರದ ಒಂದು ಬದುವಿನ ಮೇಲೆ.

ನನ್ನ ಮುಖ ನೋಡಿ ರೈತ ನಗು ನಿಲ್ಲಿಸಿದ. "ಏನಾತ್ರಿ? ಯಾರದರ ಲಗ್ನ ತಪ್ಪಿತೇನು?"

"ನಾಳೆ ನೌಕರಿಗೆ ಹಾಜರಾಗಬೇಕ್ರಿ. ಹುಕ್ಕೇರ್ಯಾಗ."

"ಹಂಗಾರ ಇಲ್ಲಿ ನಿಂತು ನಮಗ ಯಾಕ ಬುದ್ಧಿ ಹೇಳತೀರಿ? ನಡೀರಿ ಲಗೂನ! ಬೆಳಿಗ್ಗಿ ಗೋಕಾಕದಿಂದ ಹುಕ್ಕೇರಿಗೆ ಗಾಡಿ ಐತಿ."

ನಡೆದೆ. ಆದರೂ ದಾರಿಯಲ್ಲಿ ಸಿಕ್ಕ ಮೂವರನ್ನು ಯಾವ ವಾರ ಎಂದು ಕೇಳಿದೆ: ಮೇವಿನ ಹೊರೆ ಹೊತ್ತ ಹೆಂಗಸು, ಚಹಾದ ಅಂಗಡಿಯವನು, ಸೈಕಲ್ಲಿನ ಮೇಲೆ ಬಂದ ಪೋಸ್ಟಿನವನು. ಮೂರಕ್ಕೆ ಮೂರೂ ಮಂಗಳವಾರ. ಪೋಸ್ಟಿನವನು ಚೀಲದೊಳಗಿನ ಕಾಗದದ ಮೇಲಿನ ಮುದ್ರೆಯನ್ನೇ ತೋರಿಸಿದ. ಸರಕಾರ, ಎತ್ತು, ಕುರಿಯ ಮುದುಕಿ ಎಲ್ಲ ಒಂದು ಕಡೆ. ನಾನೊಬ್ಬ ಒಂದು ಕಡೆ.

ಗೋಕಾಕ ಮುಟ್ಟಿದಾಗ ಸಂಜೆಯಾಗಿತ್ತು. ಊಟ ಬಿಟ್ಟು ಮೊದಲು ಲೆಕ್ಕ ಹಾಕಿದೆ: ರಾತ್ರಿಯಿಡೀ ನಡೆದರೆ ಬೆಳಿಗ್ಗೆ ಒಂಬತ್ತಕ್ಕೆ ಹುಕ್ಕೇರಿ. ಪ್ರತಿಜ್ಞೆಯೂ ಉಳಿಯುತ್ತದೆ, ನೌಕರಿಯೂ ಸಿಗುತ್ತದೆ. ಲೆಕ್ಕ ಸರಿಯಾಗಿತ್ತು. ಎಡ ಹಿಮ್ಮಡಿಯ ಗುಳ್ಳೆ ಒಡೆದಿತ್ತು, ಜ್ವರದ ಸುಸ್ತು ಇತ್ತು ಎಂದು ಈಗ ಹೇಳಬಹುದು, ಎರಡೂ ನಿಜ. ಆದರೆ ಧರ್ಮಶಾಲೆಯ ಕಟ್ಟೆ ಕಂಡಿತು, ಸ್ವಲ್ಪ ಒರಗೋಣ ಎಂದುಕೊಂಡೆ, ಮತ್ತೆ ನೋಡಿದರೆ ಬೆಳಗಾಗಿತ್ತು. ಗೊತ್ತಿಲ್ಲದೆ ಒಂದು ದಿನ ಪೂರ್ತಿ ನಿದ್ದೆ ಮಾಡಿದವನಿಗೆ ಗೊತ್ತಿದ್ದೂ ಒಂದು ರಾತ್ರಿಯ ನಿದ್ದೆ ಬಿಡಲಾಗಲಿಲ್ಲ.

ಏಳಕ್ಕೆ ಬಸ್ಸು. ಅರ್ಧ ಖಾಲಿ ಇತ್ತು. ನಾನು ಹತ್ತಿ ಹಿಂದಿನ ಬಾಗಿಲ ಹತ್ತಿರ ಚೀಲ ಬೆನ್ನಿಗೇ ಇಟ್ಟುಕೊಂಡು ನಿಂತೆ. ಹತ್ತುವುದೇ ಆದ ಮೇಲೆ ಕೂಡುವುದಕ್ಕೂ ನಿಲ್ಲುವುದಕ್ಕೂ ಪ್ರತಿಜ್ಞೆಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಆದರೂ ನಿಂತೆ. ಕಾಲ ಮೇಲೆ ಇದ್ದೇನಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ.

ಕಂಡಕ್ಟರು ಬಂದ. "ಕುಂದರ್ರಿ, ಸೀಟು ಖಾಲಿ ಅದಾವ."

"ಇರಲಿ ಬಿಡ್ರಿ. ನಿಂತಿರತೇನಿ."

"ಹುಕ್ಕೇರಿ ತನಕಾ?"

"ಹೌದು."

ಅವನು ದನಿ ತಗ್ಗಿಸಿದ. "ಮೂಲವ್ಯಾಧಿ ಏನ್ರಿ? ನಮ್ಮ ಕಾಕಾಗೂ ಹಿಂಗಽ ಆಗಿತ್ತು. ಮೂಲಂಗಿ ತಿನ್ರಿ."

ಮುಂದಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಾನು ಮೈಲಿಗಲ್ಲು ಎಣಿಸತೊಡಗಿದೆ. ನಡೆಯುವಾಗ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಷ್ಟೆಲ್ಲ ಇರುತ್ತಿತ್ತು: ಒಂದು ಬಾವಿ, ಎರಡು ನಾಯಿ, ಒಂದು ಜಗಳ. ಇಲ್ಲಿ ಒಂದು ಕಲ್ಲಿನ ಅಂಕಿ ಓದುವಷ್ಟರಲ್ಲಿ ಮುಂದಿನದು ಬರುತ್ತಿತ್ತು. ಏಳನೆಯದು ತಪ್ಪಿತು, ಒಂಬತ್ತನೆಯದು ಎಮ್ಮೆ ಅಡ್ಡ ಬಂದು ತಪ್ಪಿತು. ಆಮೇಲೆ ಬಿಟ್ಟೆ.

ಘಟಪ್ರಭಾದಲ್ಲಿ ರೈಲ್ವೆ ಗೇಟು ಹಾಕಿತ್ತು. ಒಂದು ಗೂಡ್ಸು ಗಾಡಿ ಮುಂದೆ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಡ್ರೈವರು ಇಳಿದು ಬೀಡಿ ಹಚ್ಚಿದ. ನಾನು ಕಂಡಕ್ಟರನನ್ನು ಮೂರು ಸಲ ಗಂಟೆ ಕೇಳಿದೆ. ಮೂರನೆಯ ಸಲ ಅವನು ಕೈಗಡಿಯಾರ ಬಿಚ್ಚಿ ನನ್ನ ಕೈಗೇ ಕೊಟ್ಟ. "ನೀವಽ ಹಿಡಕೊಂಡು ನೋಡ್ಕೋತ ನಿಂದರ್ರಿ, ಹೆಂಗಾರ ನಿಂತೀರಿ." ಗೇಟು ತೆಗೆಯುವ ಹೊತ್ತಿಗೆ ಒಂಬತ್ತು ದಾಟಿತ್ತು. ಯಾದಿಯಲ್ಲಿ ನನ್ನ ಕೆಳಗಿನವನು ಶಾಲೆಯ ಮೆಟ್ಟಿಲ ಮೇಲೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂತಿರುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನೆಟ್ಟಗೆ ಊರಿಗೆ ಹೋಗಿ ಇಳಿಯಬೇಕಲ್ಲವೇ? ಇಲ್ಲ. ಹುಕ್ಕೇರಿ ಒಂದು ಮೈಲಿ ಇರುವಾಗ, ಕೊನೆಯ ಕಲ್ಲಿನ ಹತ್ತಿರ, ಬಸ್ಸು ನಿಲ್ಲಿಸಲು ಹೇಳಿದೆ.

"ಇಲ್ಲಿ ಯಾವ ಊರೂ ಇಲ್ಲಲ್ರಿ!" ಎಂದ ಕಂಡಕ್ಟರು.

"ಇಲ್ಲಿಂದ ನಡಕೊಂಡ ಹೋಗತೇನಿ."

ಅವನು ಸೀಟಿ ಊದಿದ. ನಾನು ಅವನ ಕೈಗಡಿಯಾರ ತಿರುಗಿ ಕೊಟ್ಟು ಇಳಿದೆ. "ಮೂಲಂಗಿ ಮರೀಬ್ಯಾಡ್ರಿ!" ಎಂದ. ಬಸ್ಸು ಧೂಳೆಬ್ಬಿಸಿ ಹೋಯಿತು. ಹತ್ತು ಗಂಟೆಗೆ ಹತ್ತು ನಿಮಿಷ ಇತ್ತು. ನೌಕರಿ ಹೋದರೂ ಸರಿ, ವೈನಿಯ ಕಣ್ಣಿಗೆ ನಡೆದೇ ಬಂದವನಾಗಿ ಕಾಣಬೇಕು! ಕುಂಟುತ್ತ, ಅರ್ಧ ಓಡುತ್ತ ಆ ಮೈಲಿ ಮುಗಿಸಿದೆ. ಓಣಿಗೆ ಬಂದ ಮೇಲೆ ಓಟ ನಿಲ್ಲಿಸಿ, ದೂರದಿಂದ ನಡೆದು ಬಂದವನ ನಿಧಾನದ ಹೆಜ್ಜೆ ಹಾಕಿದೆ.

ವೈನಿ ಬಾಗಿಲಲ್ಲೇ ನಿಂತಿದ್ದರು. "ನಿನ್ನಿ ಬರತೇನಂತ ಹೇಳಿದ್ದಿ. ರಾತ್ರಿ ಪೂರಾ ನಿಮ್ಮಣ್ಣ ಮಲಗಿಲ್ಲ. ಇವತ್ತ ನೌಕರಿಗೆ ಹೋಗೂ ದಿನಾ, ನೆನಪೈತೋ ಇಲ್ಲೋ?"

"ದಾರಿ ಸ್ವಲ್ಪ ಲಾಂಬ ಆತು ವೈನಿ" ಎಂದೆ.

ಹೊರಗಿನಿಂದ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ರೂಢಿ. ವೈನಿ ತಂಬಿಗೆ ತಂದರು. ನಾನು ಹಿಮ್ಮಡಿಯ ಗಾಯ ಕಾಣುವಂತೆ ಕಾಲು ಮುಂದೆ ಚಾಚಿದೆ. ಅವರು ಕಾಲು ನೋಡಲೇ ಇಲ್ಲ. ನನ್ನ ತಲೆ ನೋಡುತ್ತಿದ್ದರು.

"ಕಾಲು ಇರಲಿ. ಮೊದಲ ತಲಿ ತೊಳಕೋ."

"ಯಾಕ್ರಿ?"

"ನಡದ ಬಂದವರ ಧೂಳಿ ಮೊಣಕಾಲ ಕೆಳಗ ಇರತೈತಿ. ನಿಂದು ಹುಬ್ಬಿನ ಮ್ಯಾಲೆ ಕುಂತೈತಿ. ಹಿಂದಿನ ಬಾಗಲಾ ಹತ್ರ ನಿಂತಿದ್ದಿ, ಹೌದಲ್ಲ?"

ಒಳಗೆ ಅಣ್ಣ ನಕ್ಕದ್ದು ಕೇಳಿಸಿತು. ಖಾಲಿ ಸೀಟಿನಲ್ಲಿ ಮುಂದೆ ಕೂತಿದ್ದರೆ ಅಷ್ಟು ಧೂಳು ಬೀಳುತ್ತಿರಲಿಲ್ಲವೇನೋ. ವೈನಿ ಎರಡು ಕೊಡ ನೀರು ತಲೆಗೆ ಸುರಿದು, ಅಣ್ಣನ ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಹೊರಗೆ ನೂಕಿದರು.

ಶಾಲೆ ಮುಟ್ಟಿದಾಗ ಹನ್ನೊಂದಕ್ಕೆ ನಾಲ್ಕು ನಿಮಿಷ. ಮೆಟ್ಟಿಲ ಮೇಲೆ ಎಣ್ಣೆ ಹಚ್ಚಿಕೊಂಡವನು ಯಾರೂ ಇರಲಿಲ್ಲ, ಒಂದು ಆಡು ಮಲಗಿತ್ತು. ಹೆಡ್ ಮಾಸ್ತರರು ಹಾಜರಾತಿಯ ಕಾಗದ ಬರೆಯಲು ಹೇಳಿದರು. ನಾನು ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ನೀವು ನಿನ್ನಿನಽ ಹಾಜರಾಗಿದ್ರೇನ್ರಿ?"

"ಇಲ್ರಿ ಸರ, ಈಗ ಬಂದೇನಿ."

"ತಾರೀಖು ನಿನ್ನೀದು ಹಾಕೀರಿ. ವಾರಾನೂ ಬರದೀರಿ, ಮಂಗಳವಾರ ಅಂತ."

ಕೈ ವಹಿಯ ಲೆಕ್ಕವನ್ನೇ ಬರೆದಿತ್ತು. ತಿದ್ದುವಾಗ ಮಸಿ ಕಲೆಯಾಯಿತು. ಅವರು ಇನ್ನೊಂದು ಹಾಳೆ ಕೊಟ್ಟರು. "ಇಲ್ಲಿ ದಿನಾ ಬೆಳಿಗ್ಗಿ ಬೋರ್ಡಿನ ಮ್ಯಾಲೆ ವಾರ, ತಾರೀಖು ಬರಿಯೂದು ಮಾಸ್ತರ ಕೆಲಸ. ಬರಿಯೂ ಮುಂದ ಯಾರನ್ನರ ಒಂದು ಮಾತು ಕೇಳಿ ಬರೀರಿ."

ಈಗಲೂ ಕೇಳಿಯೇ ಬರೆಯುತ್ತೇನೆ. ಮಕ್ಕಳು ಅದು ಪಾಠದ ಒಂದು ಭಾಗ ಎಂದುಕೊಂಡಿದ್ದಾರೆ.

ಅಂದು ಸಂಜೆ ಪಡಸಾಲೆಯಲ್ಲಿ ಕೂತು ವಹಿ ತಿದ್ದಿದೆ. ಮೂವತ್ತಾರರಿಂದ ಈಚಿನ ಪುಟಗಳಲ್ಲಿ ವಾರ ಹೊಡೆದು ಸರಿಯಾದದ್ದನ್ನು ಬರೆದೆ. ನಲವತ್ತು ದಿನ ನಲವತ್ತೊಂದಾಯಿತು. ರೈತರಿಗೆ ರವಿವಾರದ ರಜೆ ಅಂಟಿಸಿದ ಷರಾ ಹೊಡೆದೆ. ಕೊನೆಯ ಪುಟದ ಚಕ್ರದ ಅಂಕಣದಲ್ಲಿ ಸೊನ್ನೆಯ ಜಾಗದಲ್ಲಿ ಇಪ್ಪತ್ನಾಲ್ಕು ಎಂದು ಬರೆದು, ಪಕ್ಕದಲ್ಲಿ "ನಿಂತು" ಎಂದು ಸೇರಿಸಿದೆ.

ಉಳಿದದ್ದು ಕಳೆದುಹೋದ ಶುಕ್ರವಾರ. ಎರಡು ಪುಟದ ನಡುವೆ ಒಂದು ಹಾಳೆ ಅಂಟಿಸಿ ಗೆರೆ ಎಳೆದೆ. ಏನು ಬರೆಯಬೇಕೆಂದು ಹೊಳೆಯದೆ ಕೂತಿದ್ದಾಗ ವೈನಿ ಬಾಳೆಹಣ್ಣು ತಂದಿಟ್ಟು ಇಣುಕಿದರು.

"ಇದ್ಯಾಕ ಖಾಲಿ?"

ಕುರಿಯ ಹೊಲದ ಕಥೆ ಹೇಳಿದೆ. ಈ ಸಲ ಕೆಣಕಲಿಲ್ಲ ಅವರು. "ಒಂದ ದಿನಾ ಪೂರಾ ಎಚ್ಚರಿಲ್ಲದ ಬಿದ್ದಿದ್ದಿ. ಆ ಮುದಕಿ ಬಾಯಾಗ ನೀರು ಹಾಕಿರತಾಳ, ನೊಣಾ ಹೊಡದಿರತಾಳ. ಎಷ್ಟ ಸಲ ಹಣಿ ಮುಟ್ಟಿ ನೋಡ್ಯಾಳೋ ಏನೋ."

"ಏನೋ ವೈನಿ. ಎಷ್ಟ ಸಲ ಅಂತ ಹೆಂಗ ಬರೀಲಿ?"

"ಗೊತ್ತಿಲ್ಲಂತ ಬರಿ."

ಬರೆದೆ. ಶುಕ್ರವಾರ. ನಡೆದ ಮೈಲಿ: ಸೊನ್ನೆ. ನಾಯಿ: ಸೊನ್ನೆ. ಚಕ್ರ: ಸೊನ್ನೆ. ಆರೈಕೆ ಎಂದು ಹೊಸದೊಂದು ಅಂಕಣ ಎಳೆದು, ಅದರ ಕೆಳಗೆ: ಗೊತ್ತಿಲ್ಲ.